ವಿದ್ಯುನ್ಮಾನ ಸಾಹಿತ್ಯದ ರಕ್ಷಣೆ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಓಲೆಯು ಹುಳ ಹಿಡಿಯುವ ವಸ್ತು; ಮನುಷ್ಯರು ಮೇಲಿಂದ ಮೇಲೆ ಪ್ರತಿ ಮಾಡಿದರೆ ಮಾತ್ರ ಗ್ರಂಥವು ಉಳಿಯುವುದೆಂಬುದನ್ನು ಆ ಮಹಾಸಾಧ್ವಿಯು ಅರಿತಿದ್ದಳು. ಓಲೆಗಿಂತಲೂ ಬೇಗ ಹಾಳಾಗತಕ್ಕ ವಸ್ತುವಿನ ಮೇಲೆ ಸಾಹಿತ್ಯವನ್ನೂ ಚಿತ್ರಗಳನ್ನೂ ರಚಿಸುತ್ತಿರುವ ಈ ಕಾಲದವರು ಆ ಅರಿವನ್ನು ಕಳೆದುಕೊಂಡಿರುವರೇ ಎಂದು ಕೇಳಬೇಕಾಗಿದೆ.

ನಾವು ಹೇಳಹೊರಟಿರುವುದು ವಿದ್ಯುನ್ಮಾನ ಸಾಹಿತ್ಯದ ವಿಷಯ. ಅಚ್ಚಾದ ಪುಸ್ತಕವನ್ನು ಗಣಕಯಂತ್ರದ ತೆರೆಯ ಮೇಲೆ ತೋರಿಸುವುದಕ್ಕೆ ಈ ಹೆಸರು ಸಲ್ಲದು. ಗಣಕಯಂತ್ರದಲ್ಲಿಯೇ ಹುಟ್ಟಿ, ಅದು ನಡೆಯುತ್ತಿರುವಾಗ ಮಾತ್ರ ಜೀವಿಸತಕ್ಕ ಕೃತಿಗಳು ಇವು. ಅಮೆರಿಕದ ಮೈಕೆಲ್ ಜಾಯ್ಸ್ ಎಂಬವರು 1987ರಲ್ಲಿ ರಚಿಸಿದ 'ಆಫ್ಟರ್‌ನೂನ್, ಎ ಸ್ಟೋರಿ' ಎಂಬುದು ಇದಕ್ಕೆ ಪ್ರಸಿದ್ಧ ನಿದರ್ಶನ. ಐನೂರಕ್ಕೂ ಹೆಚ್ಚು ತುಣುಕುಗಳುಳ್ಳ ಈ ಕಥೆಯಲ್ಲಿ ಓದುಗನು ಯಾವ ಶಬ್ದವನ್ನು ಆರಿಸುವನೋ ಅದರಂತೆ ಮುಂದಿನ ತುಣುಕು ಬರುವುದು. ಇಬ್ಬರು ಓದಿದರೆ ಎರಡು ಕಥೆಗಳಾಗುವುವು. ಇದನ್ನು ಕಾಗದಕ್ಕೆ ಇಳಿಸಿದರೆ ಮಾತುಗಳು ಉಳಿದಾವು, ಕೃತಿಯು ಉಳಿಯಲಾರದು. 1990ರಲ್ಲಿ ಇದು ಫ್ಲಾಪಿಯಲ್ಲಿ ಮಾರಾಟಕ್ಕೆ ಬಂದಿತು. ಇಂದಿನ ಗಣಕಯಂತ್ರಗಳಲ್ಲಿ ಆ ಫ್ಲಾಪಿಯನ್ನು ತೂರಿಸಲು ಕಂಡಿಯೇ ಇಲ್ಲ.

ಇನ್ನೂ ದೊಡ್ಡ ಹಾನಿಯು ನಮ್ಮೆಲ್ಲರ ಕಣ್ಣೆದುರಿಗೇ ಸಂಭವಿಸಿತು. 1996ರಿಂದ ಮುಂದಕ್ಕೆ ಚಲಿಸುವ ಕವಿತೆ, ಚಿತ್ರ, ಆಟಗಳನ್ನು ಅಂತರ್ಜಾಲದಲ್ಲಿ ರಚಿಸಿದ ಅಸಂಖ್ಯ ಕಲಾವಿದರು ಫ್ಲ್ಯಾಶ್ ಎಂಬ ಒಂದೇ ಉಪಕರಣವನ್ನು ಆಶ್ರಯಿಸಿದರು. ಅದರ ಒಡೆತನವು 2005ರಲ್ಲಿ ಅಡೋಬಿ ಕಂಪೆನಿಗೆ ಬಂದಿತು. 2017ರಲ್ಲಿ ಅದನ್ನು ನಿಲ್ಲಿಸುವುದಾಗಿ ಸಾರಿದ ಕಂಪೆನಿಯವರು, 2020ರ ಡಿಸೆಂಬರ್ 31ಕ್ಕೆ ತಮ್ಮ ಬೆಂಬಲವನ್ನು ಕೊನೆಗೊಳಿಸಿ, 2021ರ ಜನವರಿ 12ರಿಂದ ಅದರಲ್ಲಿ ರಚಿತವಾದ ಕೃತಿಗಳು ನಡೆಯದಂತೆ ತಡೆದರು. ಆ ಉಪಕರಣದಲ್ಲಿ ಕಳ್ಳರು ನುಗ್ಗಲು ಅನುಕೂಲವಾದ ಬಿರುಕುಗಳು ಬಹಳವಿದ್ದುವು. ಮೊಬೈಲ್ ಫೋನುಗಳಲ್ಲಿ ಅದು ನೆಲೆಯೂರಲಿಲ್ಲ. ನಿಲ್ಲಿಸುವುದಕ್ಕೆ ಕಾರಣಗಳಿದ್ದುವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತೈದು ವರ್ಷಗಳ ಕಲೆಯ ಆಯುಸ್ಸು ಒಂದು ವ್ಯಾಪಾರ ಸಂಸ್ಥೆಯ ತೀರ್ಮಾನವನ್ನು ಅವಲಂಬಿಸಿತ್ತೆಂಬುದು ಯೋಚಿಸತಕ್ಕ ಮಾತಲ್ಲವೇ?

ಸುದೈವದಿಂದ ಎಚ್ಚರಗೊಂಡವರೂ ಇದ್ದರು. ಹಳೆಯ ಯಂತ್ರದಂತೆ ಹೊಸ ಯಂತ್ರವು ನಟಿಸುವ ಹಾಗೆ ಮಾಡತಕ್ಕ ಎಮ್ಯುಲೇಟರ್ ಎಂಬ ತಂತ್ರಾಂಶಗಳುಂಟು. ರಫಲ್ ಎಂಬ ಅಂತಹ ಒಂದು ತಂತ್ರಾಂಶದ ಸಹಾಯದಿಂದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯವರು 2020ರ ನವೆಂಬರಿನಲ್ಲಿಯೇ ಫ್ಲ್ಯಾಶ್ ಕೃತಿಗಳನ್ನು ಉಳಿಸತೊಡಗಿದರು. ಚಿತ್ರಕಾರ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾ ಗಣಕಯಂತ್ರದಲ್ಲಿ ಬರೆದ ಚಿತ್ರಗಳು ಅವರ ಫ್ಲಾಪಿಗಳಲ್ಲಿ ಸುಮಾರು ಮೂವತ್ತು ವರ್ಷ ಹೂತುಹೋಗಿದ್ದುವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕಂಪ್ಯೂಟರ್ ಸಂಘದವರು ಪಟ್ಟ ಶ್ರಮದಿಂದ ಅವು 2014ರಲ್ಲಿ ಬೆಳಕು ಕಂಡುವು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಪ್ರಯೋಗಶಾಲೆಯಲ್ಲಿ ಹಳೆಯ ಗಣಕಯಂತ್ರಗಳನ್ನು ಸುಸ್ಥಿತಿಯಲ್ಲಿಟ್ಟು, ಲೇಖಕರನ್ನೇ ಅವುಗಳ ಮುಂದೆ ಕೂರಿಸಿ ಓದಿಸಿ, ಆ ಓದನ್ನು ಚಿತ್ರೀಕರಿಸಿ ಇಡುತ್ತ ಬಂದಿರುವರು. ಕೃತಿಯು ಸತ್ತರೂ ಅದು ಬದುಕಿದ್ದಾಗ ಹೇಗಿತ್ತೆಂಬ ಸಾಕ್ಷ್ಯವು ಇದರಿಂದ ಉಳಿಯುವುದು.

ಇವುಗಳಲ್ಲಿ ಬಹುಭಾಗವು ಜೊಳ್ಳು, ಉಳಿಸುವುದೇಕೆ ಎಂದು ಕೆಲಮಂದಿ ವಿದ್ಯಾವಂತರು ಕೇಳುವುದುಂಟು. ಜೊಳ್ಳು ಯಾವುದು ಕಾಳು ಯಾವುದು ಎಂಬುದನ್ನು ತೂರುವ ಕೆಲಸ ಮುಂದಿನವರದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ಓಲೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದ್ದುದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಓಲೆಯು ತನ್ನನ್ನು ಗುರುತಿಸುವ ವಿದ್ವಾಂಸನಿಗಾಗಿ ಕಾದಿತು. ಫ್ಲಾಪಿಯು ಹಾಗೆ ಕಾಯಲಾರದು. ಅದರ ಮೇಲಿನ ಬರೆಹವು ಕೆಲವು ದಶಕಗಳಲ್ಲಿ ತಾನಾಗಿಯೇ ಮಾಸಿಹೋಗುವುದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುವುದು? ಪ್ರಕಾಶಕರು ಪ್ರತಿಯೊಂದು ಪುಸ್ತಕದ ಪ್ರತಿಗಳನ್ನು ರಾಷ್ಟ್ರೀಯ ಪುಸ್ತಕಾಲಯಕ್ಕೂ ಇತರ ಮೂರು ಪುಸ್ತಕಾಲಯಗಳಿಗೂ ಒಪ್ಪಿಸಬೇಕೆಂದು ವಿಧಿಸಿದ 1954ರ ಕಾಯಿದೆಯು ಅಚ್ಚಿನ ಪುಸ್ತಕವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬ್ರಿಟನ್ನಿನವರು 2013ರಲ್ಲಿಯೇ ಅಚ್ಚಾಗದ ಪ್ರಕಟಣೆಗಳಿಗೂ ಇಂತಹ ನಿಯಮವನ್ನು ವಿಸ್ತರಿಸಿದರು. ಇನ್ನು 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯು, ಲಾಭದೃಷ್ಟಿಯಿಲ್ಲದ ಸಾರ್ವಜನಿಕ ಪುಸ್ತಕಾಲಯವು ರಕ್ಷಣೆಗಾಗಿ ಒಂದು ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಬಹುದೆಂದು ಅನುಮತಿ ಕೊಟ್ಟಿತು. ಆದರೆ ಆ ಪುಸ್ತಕಾಲಯದಲ್ಲಿ ಕೃತಿಯ ವಿದ್ಯುನ್ಮಾನವಲ್ಲದ ಪ್ರತಿಯೊಂದು ಮೊದಲೇ ಇರಬೇಕೆಂಬುದು ಕಟ್ಟಳೆ. ಗಣಕಯಂತ್ರದಲ್ಲಿಯೇ ಹುಟ್ಟಿದ ಕೃತಿಗೆ ಕಾಗದದ ಪ್ರತಿಯು ಎಲ್ಲಿಂದ ಬರಬೇಕು? ರಕ್ಷಣೆಯ ಅಗತ್ಯವು ಯಾವುದಕ್ಕೆ ಅತ್ಯಧಿಕವೋ ಅದನ್ನೇ ಕಾನೂನು ಬಾಗಿಲ ಹೊರಗೆ ನಿಲ್ಲಿಸಿದೆ.

ಇದು ಪರದೇಶದವರ ಚಿಂತೆಯೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ಒಂದೊಂದು ತಂತ್ರಾಂಶವೂ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ತನ್ನದೇ ಕ್ರಮದಲ್ಲಿ ಕೂರಿಸಿತ್ತು. ನುಡಿ, ಬರಹ ಮೊದಲಾದ ಪ್ರಸಿದ್ಧ ತಂತ್ರಾಂಶಗಳ ಬರೆಹವನ್ನು ಯೂನಿಕೋಡಿಗೆ ತರುವ ಸಾಧನಗಳುಂಟು. ಹೆಸರು ಮರೆತುಹೋದ ಸಣ್ಣಪುಟ್ಟ ತಂತ್ರಾಂಶಗಳಲ್ಲಿ ಬರೆದುದರ ಗತಿಯೇನು? ಈ ವಿಷಯದಲ್ಲಿ ನಾವೂ ತಪ್ಪಿತಸ್ಥರೇ. ನಮ್ಮ ಹಿರಿಯರು ರಟ್ಟು ಹಾಕಿಸಿಟ್ಟ ಪತ್ರಿಕೆಯ ಸಂಪುಟಗಳನ್ನು ಇಂದಿಗೂ ಬಿಚ್ಚಿ ಓದಬಹುದು. 1998ರ ವಿಶೇಷ ಸಂಚಿಕೆಗೆ ಬಂದು, ಸ್ಥಳವಿಲ್ಲದೆ ಅಚ್ಚಾಗದೆ ಉಳಿದ ಲೇಖನಗಳನ್ನು ನಾವು ಫ್ಲಾಪಿಗಳಲ್ಲಿ ಇಟ್ಟಿದ್ದೆವು. ಕಳೆದ ವರ್ಷ ಅವುಗಳನ್ನು ತೆರೆಯಿಸಿದಾಗ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಗೊಂದಲವೇ ಕಂಡಿತು. ಆ ಲೇಖಕರಲ್ಲಿ ಇಬ್ಬರು ಈಗ ನಮ್ಮೊಡನಿಲ್ಲ. ಅವರ ಹಸ್ತಪ್ರತಿಗಳನ್ನು ನಾವೇ ರದ್ದಿಗೆ ಹಾಕಿದ್ದೆವು.

ಆದುದರಿಂದ ಮೂರು ಮಾತುಗಳನ್ನು ಒತ್ತಿ ಹೇಳುತ್ತೇವೆ. ಕೇಂದ್ರ ಸರ್ಕಾರದವರು ಈ ಎರಡು ಕಾಯಿದೆಗಳನ್ನೂ ತಿದ್ದಿ, ಗಣಕಯಂತ್ರದಲ್ಲಿ ಹುಟ್ಟಿದ ಕೃತಿಗಳನ್ನು ಸಂಗ್ರಹಿಸಿ ಪ್ರತಿ ಮಾಡುವ ಅಧಿಕಾರವನ್ನೂ ಹೊಣೆಯನ್ನೂ ಪುಸ್ತಕಾಲಯಗಳಿಗೆ ಕೊಡಬೇಕು. ನಮ್ಮ ರಾಜ್ಯ ಸರ್ಕಾರದವರು ಹಳೆಯ ಫ್ಲಾಪಿಗಳನ್ನೂ ಹಳೆಯ ಕನ್ನಡ ತಂತ್ರಾಂಶಗಳನ್ನೂ ಮನೆಮನೆಗಳಿಂದ ತರಿಸಿಕೊಂಡು ಓದಿಸುವ ಕಾರ್ಯವನ್ನು ಒಂದು ವಿಶ್ವವಿದ್ಯಾಲಯಕ್ಕೆ ವಹಿಸಿ, ಅದಕ್ಕೆ ವರ್ಷವರ್ಷವೂ ಹಣ ಒದಗಿಸಬೇಕು. ಲೇಖಕರು ಹಾಗೂ ಕಲಾವಿದರು ತಮ್ಮ ಕೃತಿಗಳನ್ನು ಯಾವ ಒಬ್ಬ ಒಡೆಯನಿಗೂ ಅಧೀನವಲ್ಲದ ರೂಪದಲ್ಲಿ ಇರಿಸಿ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಪ್ರತಿ ಕಾಪಾಡಬೇಕು. 2023ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಯಿಂದ ಬ್ರಿಟಿಷ್ ಲೈಬ್ರರಿಯಂತಹ ಸಂಸ್ಥೆಯ ವಿದ್ಯುನ್ಮಾನ ಸಂಗ್ರಹಗಳೇ ತಿಂಗಳುಗಟ್ಟಲೆ ಓದುಗರಿಗೆ ದೊರೆಯದೆ ಹೋದುವು; ಒಂದೇ ಕಣಜವನ್ನು ನಂಬತಕ್ಕದ್ದಲ್ಲ.

ಅತ್ತಿಮಬ್ಬೆಯ ಕಾಲದಲ್ಲಿ ಒಂದು ಪ್ರತಿಗೆ ಲಿಪಿಕಾರನ ಅನೇಕ ದಿನಗಳ ದುಡಿಮೆ ಬೇಕಾಗಿತ್ತು. ಇಂದು ಆ ಕೆಲಸಕ್ಕೆ ಕ್ಷಣಗಳು ಸಾಕು. ಇಷ್ಟು ಸುಲಭವಾದುದನ್ನೂ ಮಾಡದೆ ನಮ್ಮ ಕಾಲದ ಬರೆಹವನ್ನು ಅಳಿಯಗೊಟ್ಟರೆ, ಆಕೆಯ ಹೆಸರನ್ನು ಹೇಳಿಕೊಳ್ಳುವ ಹಕ್ಕು ನಮಗಿರಲಾರದು. ಕಪಾಟಿನ ಮೂಲೆಯಲ್ಲಿ ಹಳೆಯ ಫ್ಲಾಪಿಗಳನ್ನು ಇಟ್ಟಿರುವ ನಮ್ಮ ವಾಚಕರು ಸರ್ಕಾರದ ದಾರಿ ಕಾಯದೆ, ಬಲ್ಲವರಿಂದ ಅವುಗಳನ್ನು ಇಂದೇ ತೆರೆಯಿಸಿ ನೋಡುವರೆಂದು ಆಶಿಸುತ್ತೇವೆ.