ಕೀಳೆಂಬ ಮಾನ

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಮಾರನೆಯ ದಿನ ಶ್ರೀನಗರದ ನಮ್ಮ ಬೀದಿಯಲ್ಲಿ ಒಬ್ಬ ಹುಡುಗನು ಕೋಣೆಯ ಬಾಗಿಲು ಹಾಕಿಕೊಂಡು, ಊಟಕ್ಕೂ ಏಳಲೊಲ್ಲದೆ ಕುಳಿತನು. ಗಣಿತದಲ್ಲಿ ಆತನು ತೇರ್ಗಡೆಯಾಗಿರಲಿಲ್ಲ. ಆತನ ತಾಯಿಯ ಮಾತಿನ ಮೇರೆಗೆ ನಾನು ಹೋಗಿ ಕರೆದಾಗ ಒಳಗಿನಿಂದ ಬಂದ ಉತ್ತರವಿಷ್ಟೆ: “ನಾನು ದಡ್ಡ, ಮೇಷ್ಟ್ರೇ. ನನ್ನ ಕೈಲಿ ಏನೂ ಆಗೋದಿಲ್ಲ.”

ಇಂತಹ ವ್ಯಾಧಿಗೆ ಬುದ್ಧನಲ್ಲಿ ಮದ್ದುಂಟೆಂದು ಅಂದು ಸಾಯಂಕಾಲ ನಾನು ಹೇಳಿದುದಕ್ಕೆ ವೇದಾಂತದಲ್ಲಿ ಶ್ರಮಪಟ್ಟ ಮಿತ್ರರೊಬ್ಬರು ನಕ್ಕುಬಿಟ್ಟರು. “ಆತ್ಮವೇ ಇಲ್ಲವೆಂದವನು ಆತ್ಮಗೌರವವನ್ನು ಎಲ್ಲಿಂದ ತಂದುಕೊಟ್ಟಾನು? ನಾನೇ ಶ್ರೇಷ್ಠನೆಂದು ಹುಡುಗನ ಬಾಯಲ್ಲಿ ದಿನಕ್ಕೆ ನೂರು ಸಲ ಹೇಳಿಸಿರಿ, ಸಾಕು” ಎಂದರು. ನಗರದ ವ್ಯಕ್ತಿತ್ವವಿಕಸನದ ತರಗತಿಗಳಲ್ಲಿಯೂ ಹಣ ತೆಗೆದುಕೊಂಡು ಮಾಡಿಸುವುದು ಬಹುಮಟ್ಟಿಗೆ ಇದನ್ನೇ. ಈ ಚಿಕಿತ್ಸೆಯು ರೋಗದ ತಮ್ಮನೆಂಬುದು ನನ್ನ ವಾದ.

ಕನ್ನಡದಲ್ಲಿ ‘ಮಾನ’ವೆಂದರೆ ಮರ್ಯಾದೆ. ಬೌದ್ಧಶಾಸ್ತ್ರದಲ್ಲಿ ಅದೇ ಶಬ್ದವು ಕಳೆಯಬೇಕಾದ ಒಂದು ದೋಷದ ಹೆಸರು. ‘ಮನ್’ ಧಾತುವಿನಿಂದ ಬಂದಿತೆಂದರೆ ಎಣಿಕೆ, ‘ಮಾ’ ಧಾತುವಿನಿಂದಾದರೆ ಅಳತೆ. ಇಲ್ಲಿ ಎರಡೂ ಹೊಂದುತ್ತವೆ. ‘ನಾನು ಮೇಲು’ ಎಂದಳೆಯುವುದು ಮಾನವೆಂದು ಯಾರಾದರೂ ಒಪ್ಪುವರು. ‘ನಾನು ಸಮಾನ’ ಎಂಬುದೂ ಮಾನವೇ, ‘ನಾನು ಕೀಳು’ ಎಂಬುದೂ ಮಾನವೇ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದುದು ಪಾಲಿ ಸೂತ್ರಗಳ ವಿಶೇಷ. ಕೀಳರಿಮೆಯನ್ನು ವಿನಯವೆಂದು ಹೊಗಳುವ ನಮ್ಮವರು ಇದನ್ನು ಗಮನಿಸಬೇಕು. ಹತ್ತು ಸಂಯೋಜನಗಳಲ್ಲಿ ಒಂದಾದ ಈ ಮಾನವು ಅರ್ಹತ್ತ್ವದವರೆಗೂ ಬಿಡದೆ ಬರುವುದಂತೆ! ಹೀಗಿರುವಾಗ ‘ಕೀಳು’ ಎಂಬುದನ್ನು ಅಳಿಸಿ ‘ಶ್ರೇಷ್ಠ’ ಎಂದು ಬರೆದರೆ ಅಳತೆಗೋಲು ಹುಡುಗನ ಕೈಯಲ್ಲಿಯೇ ಉಳಿಯಿತಲ್ಲವೆ? ನಾಳೆ ತನಗಿಂತ ಹೆಚ್ಚು ಅಂಕ ಪಡೆದವನು ಎದುರಿಗೆ ಬಂದರೆ ಆ ಕೋಲು ಪುನಃ ಇವನ ಬೆನ್ನಿಗೇ ಬೀಳುವುದು.

ಹಾಗಾದರೆ ತಪ್ಪಿಗೆ ನಾಚುವುದೂ ಬೇಡವೆ? ಬೇಕು. ಹ್ರೀ ಎಂಬ ಲಜ್ಜೆಯನ್ನು ಬೌದ್ಧರು ಸದ್ಗುಣಗಳಲ್ಲಿ ಎಣಿಸಿದ್ದಾರೆ. ಹಿಂದಿನದನ್ನು ಕೆದಕಿ ಕೆದಕಿ ಕೊರಗುವ ಕೌಕೃತ್ಯವನ್ನಾದರೋ ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳಲ್ಲಿ ಸೇರಿಸಿದ್ದಾರೆ. ಲಜ್ಜೆಯು ಮಾಡಿದ ಕೆಲಸವನ್ನು ಕುರಿತದ್ದು. ‘ನಾನು ದಡ್ಡ’ ಎಂಬುದು ಕೆಲಸವನ್ನು ಬಿಟ್ಟು ಕರ್ತೃವಿನ ಮೇಲೆ ಬರೆದ ಶಾಸನ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ—ಈ ಐದು ಸ್ಕಂಧಗಳನ್ನು ಬಿಡಿಸಿ ನೋಡಿದರೆ ಬಾರದ ಲೆಕ್ಕ ಸಿಕ್ಕೀತು, ನೋವು ಸಿಕ್ಕೀತು. ದಡ್ಡನೆಂಬ ಸ್ಥಿರವಸ್ತು ಎಲ್ಲಿಯೂ ಸಿಕ್ಕದು. ಮಿತ್ರರು ಹಾಸ್ಯಮಾಡಿದ ಅನಾತ್ಮವಾದದ ಪ್ರಯೋಜನವು ಇಲ್ಲಿಯೇ ಇದೆ.

ನಮ್ಮ ಬಳಿಯಲ್ಲಿ ಕಾಳಿದಾಸನ ಹೆಸರಿನ ಬಡಾವಣೆಯುಂಟು. ದೇವಿಯು ನಾಲಗೆಯ ಮೇಲೆ ಬರೆಯಲು ಮೂಢನು ಕವಿಯಾದನೆಂಬ ಆತನ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ರಮ್ಯವಾದ ಕಥೆ, ಆದರೆ ದೇವಿಯು ಬಾರದ ಹುಡುಗನಿಗೆ ಅದರಿಂದೇನು? ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಚುಲ್ಲಪಂಥಕನು ನಾಲ್ಕು ತಿಂಗಳಲ್ಲಿ ಒಂದು ಗಾಥೆಯನ್ನು ಬಾಯಿಪಾಠ ಮಾಡಲಾರದೆ ಹೋದನು. ಒಡಹುಟ್ಟಿದ ಅಣ್ಣನೇ, ತಾನೂ ಭಿಕ್ಷುವಾಗಿದ್ದವನು, ವಿಹಾರವನ್ನು ಬಿಟ್ಟು ಹೋಗೆಂದನು. ಬೆಳಗಿನ ಜಾವ ಹೊರಟವನನ್ನು ಬುದ್ಧನು ತಡೆದು, ‘ನೀನು ಜಾಣ’ ಎಂದು ಸಂತೈಸಲಿಲ್ಲ. ಒಂದು ಬಿಳಿಯ ಬಟ್ಟೆಯನ್ನು ಕೈಗಿತ್ತು, ‘ರಜೋಹರಣ’ವೆಂದು ಉಚ್ಚರಿಸುತ್ತ ಉಜ್ಜುತ್ತಿರು ಎಂದನು. ಬಟ್ಟೆ ಮಾಸಿತು. ನಿರ್ಮಲವಾಗಿದ್ದುದು ಹೀಗಾಯಿತೆ ಎಂದು ಅನಿತ್ಯತೆಯನ್ನು ಕಂಡು ಆತನು ಅರ್ಹಂತನಾದನು. ಗಾಥೆಯು ಬಾರದವನಿಗೆ ಗಾಥೆಯನ್ನೇ ಮತ್ತೆ ಮತ್ತೆ ಹೇರದೆ, ಕೈಗೆ ಎಟುಕುವ ಕೆಲಸವನ್ನು ಕೊಟ್ಟ ಆ ಗುರುವಿನ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಪಾಠಹೇಳಿದ ನನಗೆ ನಾಚಿಕೆಯಾಗುತ್ತದೆ.

ಒಂದು ಆಕ್ಷೇಪಣೆಗೆ ನಾನೂ ತಲೆಬಾಗುತ್ತೇನೆ. ಕೀಳೆಂಬ ಹಣೆಪಟ್ಟಿಯನ್ನು ಸಮಾಜವೇ ಕಟ್ಟಿರುವಾಗ, ಕಟ್ಟಿಸಿಕೊಂಡವನಿಗೆ ಮಾತ್ರ ಮನಸ್ಸನ್ನು ತೊಳೆದುಕೊಳ್ಳೆನ್ನುವುದು ಕ್ರೌರ್ಯ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧದೀಕ್ಷೆ ಪಡೆದ ಅಂಬೇಡ್ಕರರು ಕಟ್ಟಿದವರನ್ನೂ ಪ್ರಶ್ನಿಸಿದರು. ಹಾಗೆ ಪ್ರಶ್ನಿಸುವುದೇ ಸರಿ.

ಬೌದ್ಧರ ಮಾತು ನಮಗೇಕೆ ಎನ್ನುವವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೋಡಲಿ. 1892ರಲ್ಲಿ ಲೂಯಿ ರೈಸ್ ಸಾಹೇಬರು ಬೆಳಕಿಗೆ ತಂದ ಅಶೋಕನ ಶಾಸನವು ಅಲ್ಲಿದೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಅದರಲ್ಲಿ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ, ಅನಂತರ ಶ್ರಮಿಸಿದೆನೆಂದು ಚಕ್ರವರ್ತಿಯೇ ಒಪ್ಪುತ್ತಾನೆ. ಅಲ್ಲಿ ಆತ್ಮನಿಂದೆಯಿಲ್ಲ, ಲೆಕ್ಕ ಒಪ್ಪಿಸುವಿಕೆಯಿದೆ. ಈ ಫಲವು ದೊಡ್ಡವರ ಸೊತ್ತಲ್ಲ, ಶ್ರಮಿಸಿದರೆ ಸಣ್ಣವನಿಗೂ ಲಭ್ಯವೆಂಬುದು ಅದರ ತಾತ್ಪರ್ಯ. ಕನ್ನಡನಾಡಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಕೊರೆದ ಮಾತನ್ನು ನಾವು ಮಕ್ಕಳಿಗೆ ಓದಿಸುವುದು ಇಸವಿಯನ್ನು ಉರುಹೊಡೆಯುವುದಕ್ಕೆ!

ನಾನೂ ಒಬ್ಬ ವಿದ್ಯಾರ್ಥಿಗೆ, ಶಬ್ದರೂಪವು ಬಾರಲಿಲ್ಲವೆಂಬ ಕೋಪದಲ್ಲಿ, ತರಗತಿಯೆದುರಿಗೆ ‘ದಡ್ಡ’ನೆಂದು ಹೆಸರಿಟ್ಟಿದ್ದೆ. ಉಳಿದ ಹುಡುಗರು ವರ್ಷವಿಡೀ ಆತನನ್ನು ಆ ಹೆಸರಿನಿಂದಲೇ ಕರೆದರು. ಮರುವರ್ಷ ಆತನು ಶಾಲೆಗೆ ಬರಲಿಲ್ಲ. ಈಗ ಎಲ್ಲಿರುವನೋ ನಾನರಿಯೆ. ಬೀದಿಯ ಹುಡುಗನು ಮೂರನೆಯ ದಿನ ಬಾಗಿಲು ತೆರೆದನು. ಸಾಯಂಕಾಲ ಆರಕ್ಕೆ ನಮ್ಮ ಮನೆಗೆ ಬರುತ್ತಾನೆ. ಭಿನ್ನರಾಶಿಯಿಂದ ಪುನಃ ತೊಡಗಿದ್ದೇವೆ. ದಿನಕ್ಕೆ ನಾಲ್ಕೇ ಲೆಕ್ಕ.