ಬಸವನಹುಳುವೂ ನಾಲೆಯ ನೀರೂ

ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಗದ್ದೆಯುಂಟು, ದನಕರುಗಳುಂಟು. ದನ ಸೊರಗುತ್ತಿದೆ, ಹಾಲು ಇಳಿದಿದೆ, ದವಡೆಯ ಕೆಳಗೆ ಬಾವು ಬಂದಿದೆ ಎಂದು ಸುದ್ದಿ ಬಂದರೆ, ಯಕೃತ್ತನ್ನು ಹೊಕ್ಕ ಎಲೆಯಾಕಾರದ ಹುಳುವಿನ ಸಂದೇಹ ಬರಬೇಕು.

ಈ ಹುಳುವಿನ ತತ್ತಿ ಸಗಣಿಯೊಡನೆ ನೀರಿಗೆ ಬೀಳುತ್ತದೆ. ಒಡೆದು ಬಂದ ಮರಿಗೆ ಸುಮಾರು ಒಂದು ದಿನದೊಳಗೆ ಬಸವನಹುಳು ದೊರೆಯದಿದ್ದರೆ ಸಾವೇ ಗತಿ. ದೊರೆತರೆ ಅದರ ಒಡಲಲ್ಲಿ ಒಂದು ನೂರಾಗಿ ಹೊರಬಂದು, ನೀರಂಚಿನ ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿಕೊಂಡು ದನದ ಬಾಯಿಗಾಗಿ ಕಾಯುತ್ತದೆ.

ಮಳೆಗಾಲದಲ್ಲಿ ಬಸವನಹುಳುಗಳು ಹೆಚ್ಚುತ್ತವೆ. ಬೇಸಗೆಯಲ್ಲಿ ಗದ್ದೆ ಒಣಗಿದಾಗ ಬಹುಪಾಲು ಸಾಯುತ್ತವೆ, ಕೆಲವು ಕೆಸರಿನಲ್ಲಿ ಅಡಗಿ ಉಳಿಯುತ್ತವೆ. ಆದರೆ ಇಲ್ಲಿಯ ಖಡಕವಾಸಲಾ ಕಾಲುವೆಯಾಗಲಿ, ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಾಗಲಿ, ಸೋರಿದ ನೀರು ನಿಂತಲ್ಲಿ ಅವಕ್ಕೆ ಬೇಸಗೆಯ ಭಯವಿಲ್ಲ. ಈಜಿಪ್ಟಿನಲ್ಲಿ 1902ರ ಅಸ್ವಾನ್ ಅಣೆಕಟ್ಟಿನ ಬಳಿಕ ಹೊಲಗಳಿಗೆ ವರ್ಷವಿಡೀ ನೀರು ಹರಿಯಿತು. ಬಸವನಹುಳುವಿನಿಂದಲೇ ಹರಡುವ ಬಿಲ್ಹಾರ್ಜಿಯಾ ರೋಗ ಅಲ್ಲಿಯ ಜನರಲ್ಲಿ ಹೆಚ್ಚಿತು.

ನಾಲೆ ಬೇಡವೆಂದಲ್ಲ, ಅದು ಅನ್ನ ಕೊಟ್ಟಿದೆ. ಆದರೆ ಗದ್ದೆಗೆ ನಡುನಡುವೆ ಒಣಗಲು ಬಿಡುವು ಕೊಡಬೇಕು, ಬಸಿಗಾಲುವೆ ತೆಗೆಯಬೇಕು. ಬತ್ತುವ ಕೆರೆಯಂಚಿನ ಹಸಿರಿಗೆ ದನ ಬಿಡಬಾರದು. ಕೊಟ್ಟಿಗೆಯಲ್ಲೇ ಬಾವಿಯ ನೀರು ಕುಡಿಸಬೇಕು. ಗದ್ದೆಯ ಹುಲ್ಲನ್ನು ಚೆನ್ನಾಗಿ ಒಣಗಿಸಿ, ಕೆಲವು ತಿಂಗಳು ಬಣವೆಯಲ್ಲಿಟ್ಟು ಹಾಕುವುದು ಮೇಲು. ಪಶುವೈದ್ಯರ ಔಷಧ ಬೇಕೇ ಬೇಕು. ಆದರೆ ಅದೇ ಹುಲ್ಲಿಗೆ ಮರಳಿದ ದನಕ್ಕೆ ರೋಗವೂ ಮರಳುತ್ತದೆ. ಮುಂದಿನ ಬಾರಿ ಊರಿನವರೊಡನೆ ಮಾತಾಡುವಾಗ, ದನ ಎಲ್ಲಿ ಮೇಯುತ್ತಿದೆಯೆಂದು ತಪ್ಪದೆ ಕೇಳಿರಿ.