ಆ ಧಾಟಿ ಯಾರದು?



ಕಳೆದ ಶ್ರಾವಣದಲ್ಲಿ ಉಳವಿಯ ಜಾತ್ರೆಯನ್ನು ಕುರಿತು ನಾನೊಂದು ಹಾಡು ಕಟ್ಟಿದೆ. ಬಿಳಗಿಯ ನಮ್ಮ ಮನೆಯ ನಡುಕೋಣೆಯಲ್ಲಿ, ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ಮೊಬೈಲಿನಲ್ಲಿಯೇ ಅದನ್ನು ಮುದ್ರಿಸಿದೆ. ಮಲೆನಾಡಿನ ಮಳೆಗೆ ಕಂಬಳಿ ಯಾವ ಲೆಕ್ಕ! ಹಂಚಿನ ಮೇಲಿನ ಸದ್ದು ಕೊನೆಯವರೆಗೂ ಹಾರ್ಮೋನಿಯಮ್ಮಿನೊಡನೆ ಪೈಪೋಟಿ ನಡೆಸಿತು. ಆದರೂ ಹಾಡು ಬಂಧುಬಳಗಕ್ಕೆಲ್ಲ ಹೋಯಿತು. ರಚನೆ, ರಾಗಸಂಯೋಜನೆ, ಗಾಯನ ಎಂಬ ಮೂರರ ಮುಂದೆಯೂ ನನ್ನ ಹೆಸರೇ ಇತ್ತು.

ಮೆಚ್ಚಿದವರ ಮಾತು ಇಲ್ಲಿ ಬೇಡ. ನಿವೃತ್ತ ಶಿಕ್ಷಕರೊಬ್ಬರು ಕಾಗದವನ್ನೇ ಬರೆದು, ಮೂರನೆಯ ನುಡಿಯಲ್ಲಿ ತಾಳ ತಪ್ಪಿದೆಯೆಂದು ತಿಳಿಸಿದ್ದರು. ತಮಗೆ ತಾಳದ ಲೆಕ್ಕಾಚಾರ ತಿಳಿಯದು, ಮನ ಒಲಿದ ಹಾಗೆ ಹಾಡುವೆನು ಎಂಬ ಅರ್ಥದಲ್ಲಿ ಬಸವಣ್ಣನವರೇ ಒಂದು ವಚನದಲ್ಲಿ ಹೇಳಿಕೊಂಡಿಲ್ಲವೇ ಎಂದು ನಾನು ಉತ್ತರಿಸಿದೆ. ಅದು ಜಾಣತನದ ಉತ್ತರವಾಗಿತ್ತೇ ಹೊರತು ಪ್ರಾಮಾಣಿಕ ಉತ್ತರವಾಗಿರಲಿಲ್ಲ. ನಾನು ಹಾಡಿದ್ದು ವಚನವನ್ನಲ್ಲ. ಪಲ್ಲವಿ, ನುಡಿಗಳುಳ್ಳ ಪದವನ್ನು. ಅಂಥ ಪದಗಳ ಪರಂಪರೆಯೇ ನಮ್ಮಲ್ಲಿದೆ. ನಿಜಗುಣ ಶಿವಯೋಗಿಗಳ 'ಕೈವಲ್ಯ ಪದ್ಧತಿ'ಯ ಹಾಡುಗಳು ರಾಗಬದ್ಧವಾದವು. ನಮ್ಮ ನೆರೆಯ ಶಿರಸಿ ಸೀಮೆಯ ಸ್ವಾದಿ, ಅಂದರೆ ಇಂದಿನ ಸೋಂದೆಯ ಅರಸು ಸದಾಶಿವರಾಯನೂ ಸ್ವರವಚನಗಳನ್ನು ರಚಿಸಿದವನು. ತಾಳ ತಪ್ಪಿದವನು ಬಸವಣ್ಣನವರ ಮರೆಯಲ್ಲಿ ನಿಲ್ಲಬಾರದಿತ್ತು.

ಆಮೇಲೆ ಬಂದದ್ದು ಧಾರವಾಡದ ಕಡೆಯಿಂದ ಚಿಗವ್ವನ ಧ್ವನಿ.

"ತಮ್ಮಾ, ಹಾಡು ಛಲೋ ಐತಿ. ಆದ್ರ ಆ ಧಾಟಿ ನಿಂದಲ್ಲಪಾ, ನಿಮ್ಮವ್ವಂದು. ಚಕ್ಕಡ್ಯಾಗ ಆಕಿ ತೊಡಿ ಮ್ಯಾಲ ಮಲಗಿ ಕೇಳೀದಿ ನೀ. ಏರು ಬಂದಾಗ ಎಲ್ಲಾರೂ ಇಳದು ನಡೀತಿದ್ವಿ, ಹಾಡೂ ಸಾವಕಾಶ ಆಕ್ಕಿತ್ತು. ನೀ ಎಲ್ಲಾ ಕಡೆ ಓಡಿಸೀದಿ."

ಮೊದಲು ಸಿಟ್ಟೇ ಬಂದಿತು. ರಾಗದ ಹೆಸರು ಹೇಳಿ, ಸ್ವರ ಬರೆದು, ಇದು ನನ್ನದೇ ಎಂದು ಸಾಧಿಸಲು ಕುಳಿತೆ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ನಿಂತಿತು.

ನನ್ನ ತಾಯಿಯ ತವರು ಕಿತ್ತೂರ ಸೀಮೆ. ಚನ್ನಬಸವಣ್ಣನವರು ಐಕ್ಯರಾದ ಉಳವಿ ನಮ್ಮ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿದ್ದರೂ ನಾವು ಅಲ್ಲಿಗೆ ಹೋಗುತ್ತಿದ್ದುದು ಅಜ್ಜನ ಮನೆಯಿಂದಲೇ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಕಾಡಿನ ಹಾದಿ ಹಿಡಿಯುವುದನ್ನು ಬಲ್ಲವರು ಬಲ್ಲರು. ಕೊಲ್ಲಾರಿಯೊಳಗಿನ ಒಣಹುಲ್ಲಿನ ವಾಸನೆ, ಕೊರಳಗಂಟೆ, ಅವ್ವನ ಸೆರಗು ನೆನಪಿನಲ್ಲಿದ್ದವು. ಹಾಡು ಮಾತ್ರ ಮರೆತಿದೆಯೆಂದು ನಾನು ತಿಳಿದಿದ್ದೆ. ಅದು ಮರೆತಿರಲಿಲ್ಲ, ನನ್ನ ಹೆಸರಿನಲ್ಲಿ ಹೊರಬಂದಿತ್ತು.

ಶಿಕ್ಷಕರು ಗುರುತಿಸಿದ ಮೂರನೆಯ ನುಡಿಯನ್ನು ಮತ್ತೆ ಕೇಳಿದೆ. ಅಲ್ಲಿ ಬರುವುದು ಘಟ್ಟದ ಏರಿನ ವರ್ಣನೆ. ಧಾಟಿ ನಿಧಾನವಾಗಲು ಎಳೆಯುತ್ತಿದೆ, ನಾನು ಬಿಡದೆ ಓಡಿಸುತ್ತಿದ್ದೇನೆ. ತಾಳ ತಪ್ಪಿದ್ದು ಅಲ್ಲಿಯೇ. ಅವರಿಗೆ ಕ್ಷಮೆ ಕೋರಿ ಬರೆದೆ.

ಚಿಗವ್ವನಿಗೆ ಕಾಗದದ ಉತ್ತರ ಸಲ್ಲದು. ಶರಣರು ವಚನಕ್ಕೆ ತಮ್ಮ ಹೆಸರಿಗೆ ಬದಲಾಗಿ ಇಷ್ಟದೈವದ ಅಂಕಿತವನ್ನಿಟ್ಟರು. ಅದನ್ನು ಸಭೆಗಳಲ್ಲಿ ವಿವರಿಸುತ್ತ ಬಂದ ನಾನು ಹೆತ್ತವಳ ಧಾಟಿಗೆ ನನ್ನ ಹೆಸರನ್ನು ಅಂಟಿಸಿದ್ದೆ! ಮಳೆ ಬಿಟ್ಟ ಒಂದು ರಾತ್ರಿ, ಹಾರ್ಮೋನಿಯಂ ಬದಿಗಿಟ್ಟು, ಏರಿನಲ್ಲಿ ಏರಿನಂತೆಯೇ ನಡೆದು ಮತ್ತೆ ಹಾಡಿದೆ. 'ಧಾಟಿ: ಅವ್ವನದು' ಎಂದು ಬರೆದು ಕಳಿಸಿದೆ.

ಮರುದಿನವೇ ಚಿಗವ್ವನ ಉತ್ತರ ಬಂದಿತು. "ಈಗ ಎತ್ತಿಗೆ ದಣಿವಾಗೂದಿಲ್ಲ ಬಿಡು. ಆದ್ರ ತಮ್ಮಾ, ಆಕಿಗೂ ಯಾರರ ಕಲಿಸಿರಬೇಕಲ್ಲ?"

ಯಾರೆಂದು ಕೇಳಿದೆ. ಆಕೆಗೂ ನೆನಪಿಲ್ಲ. ಮುಂದಿನ ಜಾತ್ರೆಯಲ್ಲಿ ಹಳೆಯ ಚಕ್ಕಡಿಗಳ ಅಜ್ಜಿಯರನ್ನು ವಿಚಾರಿಸಬೇಕೆಂದಿದ್ದೇನೆ.